ಹಾಡೂ ನಮ್ಮದೇ, ಪರದೆಯೂ ನಮ್ಮದೇ

ಹಾಡು ಕೇಳುವ ಸಂಗತಿಯಾಗಿತ್ತು. ಈಗ ಅದು ನೋಡುವ ಸಂಗತಿಯೂ ಹೌದು. ರೇಡಿಯೊ ಮುಂದೆ ಕೂತ ತಲೆಮಾರು ಹಾಡಿನ ಚಿತ್ರವನ್ನು ತನ್ನ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿತ್ತು. ಟೆಲಿವಿಷನ್ ಬಂದ ಮೇಲೆ ಆ ಚಿತ್ರವನ್ನು ಬೇರೆಯವರು ಬರೆದುಕೊಡತೊಡಗಿದರು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲ ಸಲ ಪ್ರಸಾರವಾದ 'ಮಿಲೇ ಸುರ್ ಮೇರಾ ತುಮ್ಹಾರಾ' ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ನೆನೆಸಿಕೊಂಡವರಿಗೆ ರಾಗದ ಜೊತೆಗೇ ಭೀಮಸೇನ ಜೋಶಿಯವರ ಮುಖವೂ ಕಣ್ಣಿಗೆ ಕಟ್ಟುತ್ತದೆ. ಹಾಡು ಮತ್ತು ಚಿತ್ರ ಒಂದಕ್ಕೊಂದು ಅಂಟಿಕೊಂಡಿವೆ.

ಹಾಡನ್ನು ಕುರಿತು ಮಾತುಕತೆ ನಡೆದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬರುತ್ತದೆ. ಸಿನಿಮಾ ಕಂಪನಿಯ ಆಸರೆ ಇಲ್ಲದ, ಕೈಯಲ್ಲಿ ದುಡ್ಡಿಲ್ಲದ ಒಬ್ಬ ಹುಡುಗ ಅಥವಾ ಹುಡುಗಿ ತಾನೇ ಹಾಡು ಕಟ್ಟಿ, ಅದಕ್ಕೆ ತಾನೇ ಚಿತ್ರವನ್ನೂ ಮಾಡಬಹುದೆ? ಮಾಡಿದರೆ ಅದನ್ನು ಯಾರಾದರೂ ನೋಡುತ್ತಾರೆಯೆ? ಇದಕ್ಕೆ ಉತ್ತರ ಹುಡುಕಲು ದೂರದ ಕೆನಡಾಕ್ಕೂ ಹೋಗಬಹುದು. ಆದರೆ ಮೊದಲು ಬಳ್ಳಾರಿಯಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಹಾಡಿಗೆ ತಮ್ಮ ಕೈಯಾರೆ ಚಿತ್ರ ಮಾಡಿ, ಅದನ್ನು ಪರದೆಯ ಮೇಲೆ ಕುಣಿಸುತ್ತಿದ್ದ ಜನ ಈ ನೆಲದಲ್ಲಿ ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಇದ್ದರು.

ಸ್ವತಂತ್ರ ಹಾಡುಗಾರ ಎಂದರೆ ಯಾರು?

ಸಿನಿಮಾ ಹಾಡು ಹಂಚಿಕೆಯ ಕೆಲಸ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ರಾಗ ಹಾಕುತ್ತಾರೆ, ಮತ್ತೊಬ್ಬರು ಹಾಡುತ್ತಾರೆ, ನಾಲ್ಕನೆಯವರು ತುಟಿ ಆಡಿಸುತ್ತಾರೆ. ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸಂಗೀತವನ್ನೂ, ಒಬ್ಬರೇ ರಚಿಸಿದರೆ ಅವರನ್ನು ನಮ್ಮ ಸಂಗೀತಶಾಸ್ತ್ರ 'ವಾಗ್ಗೇಯಕಾರ' ಎಂದು ಕರೆಯುತ್ತದೆ. ಪುರಂದರದಾಸರು, ಕನಕದಾಸರು ಈ ಸಾಲಿನವರು. ಕೆನಡಾದ ಲಿಯೊನಾರ್ಡ್ ಕೊಹೆನ್, ಜೋನಿ ಮಿಚೆಲ್ ಅವರ ಬಗೆಯೂ ಇದೇ. ಹೆಸರು ಬೇರೆ, ಕೆಲಸ ಒಂದೇ.

'ಸ್ವತಂತ್ರ' ಎಂಬ ಮಾತಿಗೆ ಇಂದಿನ ಸಂಗೀತಲೋಕದಲ್ಲಿ ಇನ್ನೂ ಒಂದು ಅರ್ಥವಿದೆ. ಹಾಡನ್ನು ಧ್ವನಿಮುದ್ರಿಸುವ, ಮಾರುವ, ತೋರಿಸುವ ತೀರ್ಮಾನ ದೊಡ್ಡ ಕಂಪನಿಯ ಕೈಯಲ್ಲಿರದೆ ಹಾಡುಗಾರರ ಕೈಯಲ್ಲೇ ಇರುವುದು. ಕನ್ನಡದ ಮಟ್ಟಿಗೆ, ಸಿನಿಮಾದ ಹೊರಗೆ ಸ್ವಂತ ಹಾಡು ಕಟ್ಟಿದವರಲ್ಲಿ 2002ರಲ್ಲಿ ಹುಟ್ಟಿದ 'ಸ್ವರಾತ್ಮ' ತಂಡವನ್ನು ನೆನೆಯಬಹುದು. ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ಈ ತಂಡದ ಮೊದಲ ಆಲ್ಬಂ 2009ರಲ್ಲಿ ಬಂತು. ಕಾವೇರಿಯ ನೀರಿನಂಥ ವಿಷಯವನ್ನೂ ಅವರು ಹಾಡಾಗಿಸಿದರು. ನಮ್ಮ ಜಾತ್ರೆಯ ಕೀಲುಕುದುರೆಯನ್ನು ನೆನಪಿಸುವ ಕುದುರೆ ವೇಷವನ್ನು ವೇದಿಕೆಗೆ ತಂದರು. ಕೇಳುವ ಹಾಡಿಗೆ ನೋಡುವ ಗುರುತೊಂದು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆ ಗುರುತನ್ನು ಹುಡುಕಲು ಅವರು ಜಾತ್ರೆಯ ಬೀದಿಗೇ ಬಂದರು.

ಬಳ್ಳಾರಿಯ ಪರದೆ

ಬಳ್ಳಾರಿ ಸೀಮೆ ಹಾಡಿನ, ಆಟದ ಸೀಮೆ. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವ (1880–1946) ಅವರ ಊರು ಇದು. ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿಯದೆಯೇ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದ ಹಾಡಿದವರು. ಅವರು 2014ರಲ್ಲಿ ತೀರಿಕೊಂಡರು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟ ನೋಡಿದವರಿಗೆ ರಾತ್ರಿಯಿಡೀ ಹಾಡು ಹೇಗೆ ಕಥೆಯನ್ನು ಎಳೆದುಕೊಂಡು ಹೋಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇವುಗಳ ನಡುವೆ ತೊಗಲು ಗೊಂಬೆಯಾಟಕ್ಕೆ ಒಂದು ವಿಶೇಷವಿದೆ. ಅಲ್ಲಿ ಹಾಡುಗಾರ ಕಾಣುವುದಿಲ್ಲ. ಅವನ ಹಾಡಿನ ಚಿತ್ರ ಮಾತ್ರ ಕಾಣುತ್ತದೆ. ಬಿಳಿ ಪಂಚೆಯೋ ಬಟ್ಟೆಯೋ ಪರದೆ. ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿದ ಆಡಿನ ತೊಗಲಿನ ಗೊಂಬೆ. ತಾಳ, ಮದ್ದಳೆ, ಹಾರ್ಮೋನಿಯಂ ಹಿಡಿದ ಮನೆಮಂದಿ. ಗೊಂಬೆ ಆಡಿಸುವವರೇ ಹಾಡುತ್ತಾರೆ, ಅವರೇ ರಾವಣನಾಗಿ ಗರ್ಜಿಸುತ್ತಾರೆ, ಅವರೇ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನಾಗಿ ನಗಿಸುತ್ತಾರೆ. ಸಾಹಿತ್ಯ, ಸಂಗೀತ, ಚಿತ್ರಕಲೆ, ಬೆಳಕು, ಧ್ವನಿ ಎಲ್ಲವೂ ಒಂದೇ ಕುಟುಂಬದ ಕೈಯಲ್ಲಿ. ಟೆಲಿವಿಷನ್ನಿನ ಭಾಷೆಯಲ್ಲಿ ಹೇಳುವುದಾದರೆ, ನಿರ್ಮಾಪಕ, ನಿರ್ದೇಶಕ, ಛಾಯಾಗ್ರಾಹಕ, ಗಾಯಕ ಎಲ್ಲರೂ ಒಂದೇ ಗುಡಾರದೊಳಗೆ.

ಈ ಕಲೆಯನ್ನು ನಮ್ಮ ಕಾಲಕ್ಕೆ ತಂದವರಲ್ಲಿ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಹೆಸರು ದೊಡ್ಡದು. ರಂಗಭೂಮಿಯ ಅನುಭವವೂ ಇದ್ದ ಅವರು ಶ್ರೀ ರಾಮಾಂಜನೇಯ ತೊಗಲುಗೊಂಬೆ ಮೇಳವನ್ನು ಕಟ್ಟಿ ಊರೂರಿಗೆ ಕೊಂಡೊಯ್ದರು. ರಾಮಾಯಣದ ಗೊಂಬೆಗಳ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆ, ಬಾಪೂ ಕಥೆ ಇವನ್ನೂ ಪರದೆಗೆ ತಂದರು. 2023ರ ಏಪ್ರಿಲ್ ತಿಂಗಳಲ್ಲಿ ರಸ್ತೆ ಅಪಘಾತವೊಂದರಲ್ಲಿ ಅವರು ತೀರಿಕೊಂಡರು.

ಬಾಪೂ ಕಥೆಯನ್ನು ಪರದೆಗೆ ತರುವುದು ಎಷ್ಟು ಕಷ್ಟದ ಕೆಲಸ ಎಂದು ಸ್ವಲ್ಪ ಯೋಚಿಸಿ. ಪುರಾಣದ ರಾಜನ ಗೊಂಬೆಯಲ್ಲಿ ಕಿರೀಟ, ಭುಜಕೀರ್ತಿ, ಹಾರ, ಡಾಬು ಇರುತ್ತವೆ. ಈ ಒಡವೆಗಳನ್ನು ಕಾಣಿಸಲು ಕಲಾವಿದರು ತೊಗಲಿನಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ. ಆ ರಂಧ್ರಗಳಿಂದ ತೂರಿ ಬರುವ ಬೆಳಕೇ ಪರದೆಯ ಮೇಲೆ ರತ್ನವಾಗಿ ಮಿನುಗುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗಾತ್ರವೂ ಬದಲಾಗುತ್ತದೆ. ರಾಜ ದೊಡ್ಡವ, ಸೇವಕ ಚಿಕ್ಕವ. ಆದರೆ ಗಾಂಧೀಜಿಗೆ ಒಡವೆ ಇಲ್ಲ, ಕಿರೀಟ ಇಲ್ಲ, ಮೈತುಂಬ ಬಟ್ಟೆಯೂ ಇಲ್ಲ. ಬೆಳಕು ತೂರಲು ರಂಧ್ರಕ್ಕೆ ಜಾಗವೇ ಇಲ್ಲದ ಮನುಷ್ಯನನ್ನು ಗುರುತು ಸಿಗುವಂತೆ ಕೆತ್ತುವುದು ಹೇಗೆ? ದುಂಡು ಕನ್ನಡಕ, ಕೋಲು, ಬಾಗಿದ ಬೆನ್ನಿನ ಅಂಚು ಇಷ್ಟರಲ್ಲೇ ಆ ವ್ಯಕ್ತಿ ಮೂಡಬೇಕು. ಹೊಸ ಹಾಡು ಬಂದರೆ ಹಳೆಯ ಗೊಂಬೆ ಸಾಲದು. ಹೊಸ ಗೊಂಬೆಗೆ ಹೊಸ ಗೆರೆ ಬೇಕು. ಚಿತ್ರದಲ್ಲಿ ಹೊಸತನ ಹುಟ್ಟುವುದು ಇಂಥ ಇಕ್ಕಟ್ಟಿನಿಂದ.

ನೆರಳಿನ ಲೆಕ್ಕ

ಇದರೊಳಗಿನ ವಿಜ್ಞಾನ ಪ್ರೌಢಶಾಲೆಯ ಪಾಠವೇ. ಬೆಳಕು ನೇರವಾಗಿ ಚಲಿಸುತ್ತದೆ. ದೀಪ ಪರದೆಯಿಂದ 4 ಅಡಿ ದೂರದಲ್ಲಿದೆ ಎನ್ನಿ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ನೆರಳು ಗೊಂಬೆಯಷ್ಟೇ ದೊಡ್ಡದು, ಅಂಚು ಚೂಪು. ಗೊಂಬೆಯನ್ನು ದೀಪದ ಕಡೆಗೆ ಸರಿಸಿ 2 ಅಡಿ ದೂರಕ್ಕೆ ತಂದರೆ ನೆರಳು ಎರಡರಷ್ಟಾಗುತ್ತದೆ; 1 ಅಡಿಗೆ ತಂದರೆ ನಾಲ್ಕರಷ್ಟು. ದೀಪ ಮತ್ತು ಪರದೆಯ ಅಂತರವನ್ನು ದೀಪ ಮತ್ತು ಗೊಂಬೆಯ ಅಂತರದಿಂದ ಭಾಗಿಸಿದರೆ ಸಿಗುವುದೇ ಈ ಹಿಗ್ಗುವಿಕೆ. ಮಾಯಾವಿ ರಾಕ್ಷಸ ಕ್ಷಣದಲ್ಲಿ ಬೆಟ್ಟದಷ್ಟು ಬೆಳೆಯುವುದು ಹೀಗೆ.

ಆದರೆ ನೆರಳು ದೊಡ್ಡದಾದಂತೆ ಅದರ ಅಂಚು ಮಸುಕಾಗುತ್ತದೆ. ದೀಪದ ಕುಡಿ ಒಂದು ಬಿಂದುವಲ್ಲ, ಅದಕ್ಕೂ ಅಗಲವಿದೆ. ಕುಡಿಯ ಒಂದು ಬದಿಯ ಬೆಳಕು ತಲುಪಿ ಇನ್ನೊಂದು ಬದಿಯದು ತಲುಪದ ಜಾಗದಲ್ಲಿ ಅರೆನೆರಳು ಮೂಡುತ್ತದೆ. ಗೊಂಬೆ ಪರದೆಯಿಂದ ದೂರವಾದಷ್ಟೂ ಈ ಅರೆನೆರಳಿನ ಅಂಚು ಅಗಲವಾಗುತ್ತದೆ. ದೆವ್ವ, ಕನಸು, ನೆನಪು ಇವನ್ನು ತೋರಿಸಲು ಮಸುಕು ಬೇಕು. ಎದುರಾಎದುರು ವಾದಕ್ಕೆ ಚೂಪು ಬೇಕು. ಎಣ್ಣೆಯ ದೀಪದ ಕುಡಿ ಅಲುಗಿದಾಗ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತದೆ. ವಿದ್ಯುತ್ ಬಲ್ಬಿನಲ್ಲಿ ಆ ಉಸಿರು ಇಲ್ಲ. ಅದನ್ನು ಕೈಯ ಚಲನೆಯಿಂದಲೇ ತುಂಬಬೇಕು.

ತೊಗಲಿನಿಂದ ಫಿಲ್ಮಿಗೆ

ನೆರಳಿನ ಈ ವಿದ್ಯೆ ಸಿನಿಮಾಕ್ಕೂ ಹೋಯಿತು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಕಲಾವಿದೆ ಕತ್ತರಿಯಿಂದ ಕಪ್ಪು ಕಾಗದದ ಗೊಂಬೆಗಳನ್ನು ಕತ್ತರಿಸಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಇಟ್ಟು, ಒಂದೊಂದೇ ಚೌಕಟ್ಟು ಚಿತ್ರೀಕರಿಸಿ 'ರಾಜಕುಮಾರ ಅಹಮದನ ಸಾಹಸಗಳು' ಎಂಬ ಪೂರ್ಣಾವಧಿಯ ಚಿತ್ರ ಮಾಡಿದರು. ಅದು 1926ರಲ್ಲಿ ತೆರೆಕಂಡಿತು.

ಇಲ್ಲಿ ಗೊಂಬೆಯಾಟಕ್ಕೂ ಸಿನಿಮಾಕ್ಕೂ ಇರುವ ವ್ಯತ್ಯಾಸ ಗಮನಿಸಿ. ಗೊಂಬೆ ನಿಜವಾಗಿಯೇ ಚಲಿಸುತ್ತದೆ. ಸಿನಿಮಾದಲ್ಲಿ ಏನೂ ಚಲಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ಬೇರೆಯಾದ ನಿಂತ ಚಿತ್ರಗಳು ಒಂದರ ಹಿಂದೊಂದು ಬೇಗ ಬೇಗ ಬರುತ್ತವೆ, ಅವನ್ನು ನಮ್ಮ ಮಿದುಳು ಚಲನೆಯೆಂದು ಓದಿಕೊಳ್ಳುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು, ನಮ್ಮ ದೇಶದ ಟೆಲಿವಿಷನ್ನಿನಲ್ಲಿ 25. ಆ್ಯನಿಮೇಷನ್ ಮಾಡುವವರು ಶ್ರಮ ಉಳಿಸಲು ಒಂದೇ ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸುವುದುಂಟು. ಆಗ ಸೆಕೆಂಡಿಗೆ 12 ಚಿತ್ರ ಸಾಕು. ಹಾಗಿದ್ದೂ 3 ನಿಮಿಷದ ಹಾಡಿಗೆ 180 ಸೆಕೆಂಡು, ಅಂದರೆ 2160 ಚಿತ್ರ ಬೇಕು!

ಈ ಲೆಕ್ಕಕ್ಕೆ ಹೆದರದವರು ಕೆನಡಾದಲ್ಲಿದ್ದರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ನಾರ್ಮನ್ ಮೆಕ್‌ಲಾರೆನ್ 1941ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಸೇರಿದರು. ಅವರು ಎಷ್ಟೋ ಸಲ ಕ್ಯಾಮರಾವನ್ನೇ ಬಿಟ್ಟುಬಿಟ್ಟರು. ಫಿಲ್ಮ್ ಪಟ್ಟಿಯ ಮೇಲೆ ನೇರವಾಗಿ ಬಣ್ಣ ಬಳಿದರು, ಗೀರಿದರು. ಆಸ್ಕರ್ ಪೀಟರ್ಸನ್ ಅವರ ಜಾಜ್ ಸಂಗೀತಕ್ಕೆ ಹೀಗೆ ಬಣ್ಣಗಳನ್ನು ಕುಣಿಸಿದ ಚಿತ್ರ 1949ರಲ್ಲಿ ಬಂತು. ಫಿಲ್ಮಿನ ಅಂಚಿನಲ್ಲಿ ಧ್ವನಿಗೆ ಮೀಸಲಾದ ಪಟ್ಟಿಯ ಮೇಲೂ ಗೆರೆ ಎಳೆದು, ವಾದ್ಯವಿಲ್ಲದೆಯೇ ಸ್ವರ ಹೊರಡಿಸಿದರು. 1952ರ ಅವರ 'ನೆರೆಹೊರೆಯವರು' ಚಿತ್ರದಲ್ಲಿ ನಟರನ್ನೇ ಗೊಂಬೆಗಳಂತೆ ಬಳಸಿ, ಒಂದೊಂದು ಚೌಕಟ್ಟಿಗೂ ನಿಲ್ಲಿಸಿ ಚಿತ್ರೀಕರಿಸಿದರು. ಅದಕ್ಕೆ ಆಸ್ಕರ್ ಪ್ರಶಸ್ತಿ ಬಂತು. 1950ರ ದಶಕದ ಆರಂಭದಲ್ಲಿ ಅವರು ಯುನೆಸ್ಕೊ ಪರವಾಗಿ ಭಾರತಕ್ಕೂ ಬಂದು, ಕಡಿಮೆ ಖರ್ಚಿನಲ್ಲಿ ಶಿಕ್ಷಣಕ್ಕೆ ಒದಗುವ ಚಿತ್ರ ಮಾಡುವ ವಿಧಾನ ಕಲಿಸಿದರು.

ಕ್ಯಾಲ್ಗರಿಯ ಒಂಟಿ ಮೇಳ

ಕೆನಡಾದ ಅದೇ ದಾರಿಯಲ್ಲಿ ನಮ್ಮ ಕಾಲದ ಹಾಡುಗಾರ ಚಾಡ್ ವಾನ್‌ಗಾಲೆನ್ ಸಿಗುತ್ತಾರೆ. ಅಲ್ಬರ್ಟಾ ಪ್ರಾಂತದ ಕ್ಯಾಲ್ಗರಿ ನಗರದಲ್ಲಿ 1977ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತರು. ಕೈ, ಕಾಲು, ಬಾಯಿ ಎಲ್ಲಕ್ಕೂ ಒಂದೊಂದು ವಾದ್ಯ ಕೊಟ್ಟುಕೊಂಡು ಬೀದಿಯಲ್ಲಿ ಒಬ್ಬರೇ ಮೇಳ ನಡೆಸಿದರು. ಬೇಕಾದ ವಾದ್ಯ ಸಿಗದಿದ್ದರೆ ತಾವೇ ಮಾಡಿಕೊಳ್ಳುತ್ತಿದ್ದರು. ಮನೆಯಲ್ಲೇ ಕೂತು ಮುದ್ರಿಸಿಕೊಂಡ ಹಾಡುಗಳಿಂದ ಆಯ್ದ ಮೊದಲ ಆಲ್ಬಂ 'ಇನ್ಫಿನಿಹಾರ್ಟ್' 2004ರಲ್ಲಿ ಕ್ಯಾಲ್ಗರಿಯದೇ ಆದ ಒಂದು ಚಿಕ್ಕ ಸಂಸ್ಥೆಯಿಂದ ಹೊರಬಂತು. ಬಳಿಕ 2006ರಲ್ಲಿ 'ಸ್ಕೆಲಿಕನೆಕ್ಷನ್', 2008ರಲ್ಲಿ 'ಸಾಫ್ಟ್ ಏರ್‌ಪ್ಲೇನ್' ಬಂದವು. ಕೆನಡಾದ ಪೊಲಾರಿಸ್ ಸಂಗೀತ ಪ್ರಶಸ್ತಿಯ ಅಂತಿಮ ಪಟ್ಟಿಗೆ ಇವೆರಡೂ ಸೇರಿದವು.

ನಮಗೆ ಮುಖ್ಯವಾದದ್ದು ಅವರ ವಿಡಿಯೊಗಳು. ತಮ್ಮ ಎಷ್ಟೋ ಹಾಡುಗಳಿಗೆ ಅವರೇ ಕೂತು ಚಿತ್ರ ಬರೆದು ಆ್ಯನಿಮೇಷನ್ ಮಾಡಿದ್ದಾರೆ. ಆ ಚಿತ್ರಗಳಲ್ಲಿ ಒಂದು ಮುಖ ಗಿಡವಾಗುತ್ತದೆ, ಗಿಡ ಪ್ರಾಣಿಯಾಗುತ್ತದೆ, ಪ್ರಾಣಿ ಕರಗಿ ಹೊಳೆಯಾಗುತ್ತದೆ. ನಟರಿಗೆ, ದೀಪಗಳಿಗೆ, ಸೆಟ್ಟಿಗೆ ದುಡ್ಡು ಸುರಿದರೂ ಕ್ಯಾಮರಾದಿಂದ ಸುಲಭವಾಗಿ ಆಗದ ಕೆಲಸ ಪೆನ್ಸಿಲಿಗೆ ಸಾಧ್ಯ. ಗೆರೆ ಅಲುಗಿದರೂ ಅವರು ತಿದ್ದಿ ನಯ ಮಾಡಲು ಹೋಗುವುದಿಲ್ಲ. ದೀಪದ ಕುಡಿಯಿಂದ ಗೊಂಬೆಗೆ ಬರುವ ಉಸಿರು ಇಲ್ಲಿ ಆ ಅಲುಗುವ ಗೆರೆಯಿಂದ ಬರುತ್ತದೆ. ಕೆಲಸದ ಗುಣ ನೋಡಿ ಬೇರೆ ಹಾಡುಗಾರರೂ ತಮ್ಮ ಹಾಡಿಗೆ ಚಿತ್ರ ಮಾಡಿಕೊಡಿ ಎಂದು ಅವರ ಬಳಿಗೆ ಬಂದರು. 2014ರಲ್ಲಿ ಟಿಂಬರ್ ಟಿಂಬ್ರೆ ಎಂಬ ಕೆನಡಾದ ತಂಡದ ಹಾಡಿಗೆ ಮಾಡಿದ ವಿಡಿಯೊ ಅಂಥದ್ದೊಂದು.

ವೀರಣ್ಣನವರ ಮೇಳಕ್ಕೂ ಕ್ಯಾಲ್ಗರಿಯ ಈ ಒಂಟಿ ಮೇಳಕ್ಕೂ ನೇರ ಸಂಬಂಧ ಏನೂ ಇಲ್ಲ. ಆದರೆ ಹಾಡಿಗೆ ಚಿತ್ರ ಬೇಕಾದಾಗ ಇಬ್ಬರೂ ಮೊದಲು ನೋಡಿದ್ದು ತಮ್ಮ ಕೈಯನ್ನು. ಕೈಗೆ ಏನು ಬರುತ್ತದೋ ಅದರಿಂದಲೇ ಚಿತ್ರದ ರೀತಿ ರೂಪುಗೊಂಡಿತು. ಆದ್ದರಿಂದಲೇ ಅದು ಇನ್ನೊಬ್ಬರದರಂತೆ ಕಾಣುವುದಿಲ್ಲ.

ನೀವು ಮಾಡುವುದಾದರೆ

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಗೆಳತಿಯೊಬ್ಬಳು ಹಾಡು ಕಟ್ಟಿದ್ದಾಳೆ, ಕೈಯಲ್ಲಿರುವುದು ಒಂದೇ ಮೊಬೈಲು ಎಂದುಕೊಳ್ಳಿ. ನಮ್ಮ ಕಸುಬಿನ ನಾಲ್ಕು ಗುಟ್ಟುಗಳು ಇಲ್ಲಿವೆ.

ಮೊದಲನೆಯದು, ಹಾಡನ್ನು ಮೊದಲು ಮುದ್ರಿಸಿಕೊಳ್ಳಿ, ಚಿತ್ರ ಆಮೇಲೆ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಕಂಬಳಿ ಇಳಿಬಿಟ್ಟರೆ ಪ್ರತಿಧ್ವನಿ ತಗ್ಗುತ್ತದೆ. ಚಿತ್ರೀಕರಣದ ವೇಳೆ ಈ ಮುದ್ರಿತ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ಹಾಡುವವರು ಅದರ ಜೊತೆ ತುಟಿ ಕೂಡಿಸಬೇಕು.

ಎರಡನೆಯದು, ಸ್ಪೀಕರು ಹತ್ತಿರವಿರಲಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಹಾಡುಗಾರ್ತಿ ಗುಡ್ಡದ ಬಂಡೆಯ ಮೇಲೆ ನಿಂತು, ಸ್ಪೀಕರು 34 ಮೀಟರು ಕೆಳಗಿದ್ದರೆ, ಹಾಡು ಅವಳ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. 25 ಚೌಕಟ್ಟಿನ ಲೆಕ್ಕದಲ್ಲಿ ಅದು ಎರಡೂವರೆ ಚೌಕಟ್ಟು. ಜೋಡಿಸುವಾಗ ಇದನ್ನು ಸರಿಪಡಿಸದಿದ್ದರೆ ತುಟಿ ಒಂದು ಕಡೆ, ದನಿ ಒಂದು ಕಡೆ. ಪ್ರತಿ ಸಲ ಶುರುವಿನಲ್ಲಿ ಕ್ಯಾಮರಾ ಮುಂದೆ ಒಂದು ಚಪ್ಪಾಳೆ ತಟ್ಟಿ. ಚಿತ್ರ ಮತ್ತು ಧ್ವನಿಯನ್ನು ಕೂಡಿಸಲು ಅದೇ ಗುರುತು.

ಮೂರನೆಯದು, ನಿಧಾನಗತಿಯ ಚಮತ್ಕಾರ. ಹಾಡುವವರ ಸುತ್ತ ಎಲ್ಲವೂ ತೇಲಿದಂತೆ ನಿಧಾನ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಆಡುವ ದೃಶ್ಯ ನೋಡಿದ್ದೀರಿ. ಅದನ್ನು ಸೆಕೆಂಡಿಗೆ 50 ಚೌಕಟ್ಟಿನಂತೆ ತೆಗೆಯುತ್ತಾರೆ. ಆಗ ಹಾಡನ್ನೂ ಎರಡು ಪಟ್ಟು ವೇಗದಲ್ಲಿ ನುಡಿಸುತ್ತಾರೆ; ಹಾಡುವವರು ಅಷ್ಟೇ ಬೇಗ ತುಟಿ ಆಡಿಸುತ್ತಾರೆ. ಆಮೇಲೆ 25 ಚೌಕಟ್ಟಿನಂತೆ ತೋರಿಸಿದಾಗ ತುಟಿ ಸರಿಹೋಗುತ್ತದೆ, ಸೆರಗು, ಕೂದಲು, ಸಿರುಗುಪ್ಪದ ಗದ್ದೆಯಲ್ಲಿ ಚಿಮ್ಮಿದ ನೀರು ಎಲ್ಲ ನಿಧಾನವಾಗುತ್ತವೆ.

ನಾಲ್ಕನೆಯದು, ಬೆಳಕು. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಕೆಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮರಾದಲ್ಲಿ ಪಟ್ಟೆಗಳಾಗಿ ಹರಿಯುತ್ತದೆ. ಷಟರ್ ವೇಗವನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ನೆರಳಿನ ಆಟ ಚಿತ್ರೀಕರಿಸುವವರಿಗೆ ಇದು ಬಹಳ ಮುಖ್ಯ. ಬಟ್ಟೆಯ ಪರದೆಯ ಹತ್ತಿರ ಎಣ್ಣೆಯ ದೀಪ ಮಾತ್ರ ಬೇಡ.

ದೊಡ್ಡ ಜಾಗಗಳ ಹಿಂದೆ ಬೀಳಬೇಕಾಗಿಲ್ಲ. ಬಳ್ಳಾರಿಯ ಕೋಟೆಯಲ್ಲಿ, ಕುರುಗೋಡಿನ ದೊಡ್ಡ ಬಸವೇಶ್ವರ ದೇವಸ್ಥಾನದಲ್ಲಿ ಚಿತ್ರೀಕರಿಸುವ ಆಸೆಯಿದ್ದರೆ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಸಿಗದಿದ್ದರೆ ಹಳೆಯ ರಟ್ಟಿನ ಪೆಟ್ಟಿಗೆ, ಕತ್ತರಿ, ಒಂದು ಬಿಳಿ ಪಂಚೆ ಸಾಕು. ಕತ್ತಲೆ ಕೋಣೆಯಲ್ಲಿ ಆ ಕೋಟೆಯನ್ನೇ ಕಟ್ಟಬಹುದು.

ಯಾರ ಹಾಡು?

ಕೊನೆಯ ವಿಷಯ ಹಣಕಾಸಿನದ್ದು, ಮಾನದ್ದು ಕೂಡ. ದಾಸರು, ಶರಣರು ಪದದ ಕೊನೆಗೆ ಅಂಕಿತ ಇಟ್ಟರು. ಹಾಡು ಎಷ್ಟು ಊರು ಸುತ್ತಿದರೂ ಯಾರದ್ದೆಂದು ಅದರಿಂದ ತಿಳಿಯುತ್ತಿತ್ತು. ಈಗ ಆ ಕೆಲಸವನ್ನು ಕಾನೂನು ಮಾಡುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಹಾಡಿನ ವಿಡಿಯೊದಲ್ಲಿ ನಾಲ್ಕು ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯದ್ದು, ರಾಗಸಂಯೋಜನೆಯದು, ಧ್ವನಿಮುದ್ರಣದ್ದು, ಚಿತ್ರದ್ದು. ನಾಲ್ಕನ್ನೂ ತಮ್ಮಲ್ಲೇ ಉಳಿಸಿಕೊಂಡವರು ನಿಜವಾದ ಅರ್ಥದಲ್ಲಿ ಸ್ವತಂತ್ರರು. ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ; ಹಾಡನ್ನು ಬರೆದಿಟ್ಟ, ಮುದ್ರಿಸಿದ ಕ್ಷಣವೇ ಹುಟ್ಟುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅನಂತರ 60 ವರ್ಷ ಇರುತ್ತದೆ. ಬರೆದವರಿಗೆ, ರಾಗ ಹಾಕಿದವರಿಗೆ ಗೌರವಧನದ ಪಾಲು ತಪ್ಪದಿರಲೆಂದು 2012ರಲ್ಲಿ ಕಾಯಿದೆಗೆ ತಿದ್ದುಪಡಿಯೂ ಆಯಿತು.

ಉದಾಹರಣೆಗೆ ಶಿಶುನಾಳ ಷರೀಫರು (1819–1889) ಕಟ್ಟಿದ ತತ್ವಪದಗಳ ಮಾತು ಇಂದು ಎಲ್ಲರದ್ದು. ನೀವು ನಿಮ್ಮದೇ ಧಾಟಿಯಲ್ಲಿ ಹಾಡಬಹುದು. ಆದರೆ 2009ರಲ್ಲಿ ತೀರಿಕೊಂಡ ಸಿ. ಅಶ್ವಥ್ ಅವರು ಹಾಕಿದ ರಾಗಸಂಯೋಜನೆಗೆ ಹಕ್ಕಿನ ಅವಧಿ ಇನ್ನೂ ಮುಗಿದಿಲ್ಲ. ಅದನ್ನು ಬಳಸಲು ಅನುಮತಿ ಬೇಕು. ಹಾಗೆಯೇ, ಯಾರಾದರೂ ನಿಮ್ಮ ಹಾಡನ್ನು ಹಂಚುತ್ತೇವೆಂದು ಕಾಗದ ತಂದರೆ ಸಹಿ ಮಾಡುವ ಮೊದಲು ನಾಲ್ಕರಲ್ಲಿ ಯಾವ ಹಕ್ಕು, ಎಷ್ಟು ವರ್ಷಕ್ಕೆ ಹೋಗುತ್ತಿದೆ ಎಂದು ಓದಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ.

ಬಳ್ಳಾರಿಯ ಗೊಂಬೆಮೇಳಗಳ ಆಟವನ್ನು ಎದುರಿಗೆ ಕೂತು ನೋಡುವ ಅವಕಾಶ ಮೊದಲಿನಷ್ಟು ಸಿಗುವುದಿಲ್ಲ. ಸಿಕ್ಕಾಗ ಬಿಡಬೇಡಿ. ಆಟ ಮುಗಿದ ಮೇಲೆ, ಕಲಾವಿದರನ್ನು ಕೇಳಿಕೊಂಡು, ಪರದೆಯ ಹಿಂಬದಿಗೂ ಹೋಗಿ ನೋಡಿ. ದೀಪ ಎಲ್ಲಿದೆ, ಗೊಂಬೆ ಹಿಡಿದ ಕೈ ಹಾಡಿನ ತಾಳಕ್ಕೆ ಹೇಗೆ ತಿರುಗುತ್ತದೆ, ತೊಗಲಿನಲ್ಲಿ ರಂಧ್ರ ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಹಾಕಿಕೊಳ್ಳಿ. ಮೊಬೈಲು ಅವರಲ್ಲೂ ಇದೆ, ನಿಮ್ಮಲ್ಲೂ ಇದೆ. ಆದರೆ ಆ ಕೈಯ ವಿದ್ಯೆ ಅವರಲ್ಲಿದೆ. ಅದನ್ನು ಕೇಳಿ ಕಲಿತು, ಹಾಡನ್ನು ನೀವು ಕಟ್ಟಿ.